ಕೊನೆಯ ಕಂಬಕ್ಕೂ ಕರೆಂಟು ಬಂದಿದೆಯೇ?

ಯಾವ ಊರಿಗೆ ಹೋದರೂ ನಾನು ಮೊದಲು ನೋಡುವುದು ಅಲ್ಲಿನ ವಿದ್ಯುತ್ ಕಂಬಗಳನ್ನು. ಇಡೀ ವೃತ್ತಿಜೀವನವನ್ನು ವಿದ್ಯುತ್ ವಿತರಣೆಯಲ್ಲಿ, ಅಂದರೆ ಉಪಕೇಂದ್ರ, ಫೀಡರ್, ಟ್ರಾನ್ಸ್‌ಫಾರ್ಮರ್, ಲೈನ್ ಕ್ಲಿಯರ್‌ಗಳ ನಡುವೆ ಕಳೆದವಳಿಗೆ ಇದು ಬಿಡದ ಅಭ್ಯಾಸ. ಕಂಬ ನೆಟ್ಟಗಿದೆಯೇ, ಕಂಬವನ್ನು ಎಳೆದು ಹಿಡಿಯುವ ಸ್ಟೇ ವೈರ್ ಬಿಗಿಯಾಗಿದೆಯೇ, ತಂತಿ ಹೊಸದೋ ಹಳೆಯದೋ, ಎಲ್ಲೆಲ್ಲಿ ಜೋಡಿಸಿದ್ದಾರೆ ಎಂಬುದನ್ನು ನೋಡಿದರೆ ಆ ಊರು ಈಚೆಗೆ ಏನನ್ನು ಅನುಭವಿಸಿದೆ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಕೆರಿಬಿಯನ್ ದ್ವೀಪಗಳ ಬಂದರುಗಳಲ್ಲಿ ಹಡಗಿನಿಂದ ಇಳಿದಾಗಲೂ ನನ್ನ ಕಣ್ಣು ಹೋದದ್ದು ಮೇಲಕ್ಕೇ. ಜೊತೆಗೆ ಬಂದವರು ಸಮುದ್ರದ ನೀಲಿಯನ್ನು ನೋಡುತ್ತಿದ್ದರು.

ನನ್ನ ತಂಗಿ ಫ್ಲೋರಿಡಾದಲ್ಲಿ ನರ್ಸ್. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಮತ್ತು ಮರಿಯಾ ಎಂಬ ಎರಡು ಚಂಡಮಾರುತಗಳು ಎರಡು ವಾರಗಳ ಅಂತರದಲ್ಲಿ ಕೆರಿಬಿಯನ್ನಿನ ಈಶಾನ್ಯ ಭಾಗವನ್ನು ಹೊಡೆದವು. ಸೆಪ್ಟೆಂಬರ್ 6ರಂದು ಇರ್ಮಾ ಬಾರ್ಬುಡಾ, ಸೇಂಟ್ ಮಾರ್ಟಿನ್ ಮತ್ತು ವರ್ಜಿನ್ ದ್ವೀಪಗಳ ಮೇಲೆ ಗಂಟೆಗೆ ಸುಮಾರು 285 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಹಾದುಹೋಯಿತು. ಮರಿಯಾ 18ರ ರಾತ್ರಿ ಡೊಮಿನಿಕಾವನ್ನು, 20ರ ಬೆಳಿಗ್ಗೆ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊವನ್ನು ಅಪ್ಪಳಿಸಿತು. ಆ ದಿನಗಳಲ್ಲಿ ತಂಗಿ ಫೋನಿನಲ್ಲಿ ಹೇಳಿದ್ದ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಇರ್ಮಾ ಬಡಿದ ಮೇಲೆ ವರ್ಜಿನ್ ದ್ವೀಪಗಳ ಡಯಾಲಿಸಿಸ್ ರೋಗಿಗಳನ್ನು ಪೋರ್ಟೊ ರಿಕೊಗೆ ಸಾಗಿಸಿದರು. ಅವರ ಹಿಂದೆಯೇ ಮರಿಯಾ ಅಲ್ಲಿಗೂ ಬಂದಿತು. ಅವರನ್ನು ಮತ್ತೆ ವಿಮಾನ ಹತ್ತಿಸಿ ಅಮೆರಿಕದ ಮುಖ್ಯಭೂಮಿಗೆ ಕಳುಹಿಸಬೇಕಾಯಿತು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಒಡ್ಡಿಕೊಳ್ಳಬೇಕಾದ ಜನ ಅವರು.

2018ರ ಫೆಬ್ರುವರಿಯಲ್ಲಿ ತಂಗಿ, "ಅಕ್ಕ, ಪೋರ್ಟೊ ರಿಕೊದ ಸಾನ್ ಹ್ವಾನ್‌ನಿಂದ ಹೊರಡುವ ಒಂದು ಕ್ರೂಸ್ ಇದೆ, ಬರುತ್ತೀಯಾ?" ಎಂದು ಕೇಳಿದಳು. ನಾನು ಒಪ್ಪಿದೆ. ಪರಿಚಯದವರು ಕೆಲವರು ಬೇಸರದಿಂದಲೇ ಆಕ್ಷೇಪಿಸಿದರು: ಮನೆಮಠ ಕಳೆದುಕೊಂಡವರ ಊರಿಗೆ ಮೋಜಿಗೆಂದು ಹೋಗುವುದೇ? ಆ ಪ್ರಶ್ನೆ ಸರಿಯಾದದ್ದೇ. ನನಗೂ ಅದು ಕೊರೆಯುತ್ತಿತ್ತು. ಅಂದಿನಿಂದ ಈವರೆಗೆ ಆ ದ್ವೀಪಗಳಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಗಬೇಕೇ ಬೇಡವೇ ಎಂದು ತೂಗುತ್ತಿರುವವರಿಗೆ ಉಪಯೋಗವಾದೀತು.

ಸಾನ್ ಹ್ವಾನ್‌ಗೆ ಹಡಗು ಹೊರಡುವ ಒಂದೆರಡು ದಿನ ಮೊದಲೇ ಹೋಗಿದ್ದೆವು. ಹಳೆಯ ನಗರದ ಕಲ್ಲುಹಾಸಿನ ಬೀದಿಗಳು, ಬಣ್ಣ ಬಳಿದ ಮನೆಗಳು, ಎಲ್ ಮೋರೊ ಕೋಟೆಯ ಮುಂದಿನ ಹುಲ್ಲುಗಾವಲು ಎಲ್ಲವೂ ನೋಡುವುದಕ್ಕೆ ಚೆನ್ನಾಗಿಯೇ ಇದ್ದವು. ಅಂಗಡಿಗಳು ತೆರೆದಿದ್ದವು, ಕಾಫಿ ಸಿಗುತ್ತಿತ್ತು, ದೀಪಗಳು ಉರಿಯುತ್ತಿದ್ದವು. ಆದರೆ ಕೋಟೆಗೋಡೆಯ ಮೇಲೆ ನಿಂತು ಕೆಳಗೆ ಸಮುದ್ರದ ಅಂಚಿನಲ್ಲಿರುವ ಲಾ ಪೆರ್ಲಾ ಬಡಾವಣೆಯನ್ನು ನೋಡಿದರೆ ಚಾವಣಿಗಳ ಮೇಲೆ ನೀಲಿ ಟಾರ್ಪಾಲುಗಳು ಎದ್ದು ಕಾಣುತ್ತಿದ್ದವು. ಹಳೆಯ ನಗರ ದಾಟಿ ಹೊರಬಂದರೆ ಅಲ್ಲಲ್ಲಿ ಕೆಟ್ಟು ನಿಂತ ಸಂಚಾರ ದೀಪಗಳು. ನಾಲ್ಕು ರಸ್ತೆ ಕೂಡುವಲ್ಲಿ ಚಾಲಕರು ಒಬ್ಬರಿಗೊಬ್ಬರು ಕೈ ಮಾಡಿ ದಾರಿ ಬಿಟ್ಟುಕೊಳ್ಳುತ್ತಿದ್ದರು. ಸಂಜೆಯಾದರೆ ಮನೆಮನೆಯ ಜನರೇಟರ್ ಸದ್ದು.

ಆಗ ದ್ವೀಪದ ಸುಮಾರು ಹದಿನೈದು ಲಕ್ಷ ವಿದ್ಯುತ್ ಗ್ರಾಹಕರಲ್ಲಿ ನಾಲ್ಕು ಲಕ್ಷದಷ್ಟು ಮಂದಿ ಇನ್ನೂ ಕತ್ತಲೆಯಲ್ಲಿದ್ದರು. ಚಂಡಮಾರುತ ಬಂದುಹೋಗಿ ಆಗಲೇ ನಾಲ್ಕೂವರೆ ತಿಂಗಳಾಗಿತ್ತು. ಯಾಕೆ ಇಷ್ಟು ತಡ ಎಂದು ಸಹಪ್ರಯಾಣಿಕರು ಕೇಳುವಾಗ ಅವರ ದನಿಯಲ್ಲಿ ಅಲ್ಲಿನ ಜನರ ಮೇಲೊಂದು ದೂರು ಇರುತ್ತಿತ್ತು. ಅದನ್ನು ಕೇಳಿ ನನಗೆ ನೋವಾಗುತ್ತಿತ್ತು, ಏಕೆಂದರೆ ಕಾರಣ ಭೂಗೋಳದಲ್ಲೇ ಇದೆ. ಪೋರ್ಟೊ ರಿಕೊದ ದೊಡ್ಡ ವಿದ್ಯುತ್ ಸ್ಥಾವರಗಳು, ಕೋಸ್ಟಾ ಸುರ್ ಮತ್ತು ಅಗಿರ್ರೆ, ದಕ್ಷಿಣ ಕರಾವಳಿಯಲ್ಲಿವೆ. ವಿದ್ಯುತ್ ಹೆಚ್ಚು ಬೇಕಾದದ್ದು ಉತ್ತರದ ಸಾನ್ ಹ್ವಾನ್‌ಗೆ. ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಬೆಟ್ಟಸಾಲು. ಆ ಬೆಟ್ಟಗಳನ್ನು ಹತ್ತಿ ಇಳಿಯುವ 230 ಕಿಲೋವೋಲ್ಟ್ ಮಾರ್ಗಗಳೇ ದ್ವೀಪದ ಜೀವನಾಡಿ. ಮರಿಯಾ ಆಗ್ನೇಯದಿಂದ ನುಗ್ಗಿ ವಾಯವ್ಯಕ್ಕೆ ಹೊರಟಿತು, ಅಂದರೆ ಈ ಮಾರ್ಗಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋಯಿತು. ಅದಕ್ಕೂ ಮೊದಲೇ, 2017ರ ಜುಲೈನಲ್ಲೇ, ಅಲ್ಲಿನ ಸರ್ಕಾರಿ ವಿದ್ಯುತ್ ಸಂಸ್ಥೆ ಸುಮಾರು 900 ಕೋಟಿ ಡಾಲರ್ ಸಾಲದ ಹೊರೆಯಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಉಗ್ರಾಣದಲ್ಲಿ ಕಂಬವಿಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ. ಬೇಕಾದದ್ದೆಲ್ಲ ಸಮುದ್ರದ ಮೇಲೆ ಹಡಗಿನಲ್ಲೇ ಬರಬೇಕು. ಮುಖ್ಯಭೂಮಿಯಲ್ಲಾದರೆ ಪಕ್ಕದ ರಾಜ್ಯಗಳ ಲಾರಿಗಳು ಮರುದಿನವೇ ಸಾಲುಗಟ್ಟಿ ಬರುತ್ತವೆ. ದ್ವೀಪಕ್ಕೆ ಪಕ್ಕದ ರಾಜ್ಯವಿಲ್ಲ.

ಹಳೆಯ ನಗರದ ಒಂದು ಊಟದ ಮನೆಯಲ್ಲಿ ಮುಖ್ಯಭೂಮಿಯಿಂದ ಬಂದಿದ್ದ ಲೈನ್‌ಮನ್‌ಗಳ ತಂಡವೊಂದು ಪಕ್ಕದ ಮೇಜಿನಲ್ಲಿತ್ತು. ಅವರ ಬೂಟುಗಳನ್ನು ನೋಡಿಯೇ ಗುರುತು ಹಿಡಿದೆ. ನಾನೂ ಇದೇ ಕೆಲಸದವಳು ಎಂದ ಕೂಡಲೇ ಕುರ್ಚಿ ಎಳೆದು ಕೂರಿಸಿಕೊಂಡರು. ಬಾಳೆಕಾಯಿ ಹುರಿದು ಬೆಳ್ಳುಳ್ಳಿ ಹಾಕಿ ಕುಟ್ಟಿ ಮಾಡುವ ಮೊಫೊಂಗೊ ತಿನ್ನುತ್ತ ಬಹಳ ಹೊತ್ತು ಮಾತನಾಡಿದೆವು. ಬೆಟ್ಟದ ಮೇಲೆ ಲಾರಿ ಹತ್ತುವ ರಸ್ತೆಯೇ ಉಳಿದಿರಲಿಲ್ಲವಂತೆ. ಕಂಬಗಳನ್ನು ಹೆಲಿಕಾಪ್ಟರಿಗೆ ತೂಗುಹಾಕಿ ಒಂದೊಂದಾಗಿ ಇಳಿಸಿ ನಿಲ್ಲಿಸುತ್ತಿದ್ದರು. ಆಧಾರವಿಲ್ಲದ ಇಳಿಜಾರು, ಕುಸಿದ ಮಣ್ಣು, ಎರಡು ಕಂಬಗಳ ನಡುವೆ ಆಳವಾದ ಕಣಿವೆ. ಅವರಿಗೆ ಹೆಚ್ಚು ಭಯವಿದ್ದದ್ದು ಮನೆಗಳ ಜನರೇಟರ್‌ಗಳ ಬಗ್ಗೆ. ಮುಖ್ಯ ಸ್ವಿಚ್ ತೆಗೆಯದೆ ಜನರೇಟರ್ ಓಡಿಸಿದರೆ ಅದರ ವಿದ್ಯುತ್ ಹಿಮ್ಮುಖವಾಗಿ ಲೈನಿಗೆ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಕಂಬದ ಮೇಲಿರುವವನಿಗೆ ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ಕಡಿದಿದೆ ಎಂಬ ಖಾತರಿ, ಸಿಕ್ಕಿದ್ದರೂ ಜೀವ ಉಳಿಯುವ ಭರವಸೆ ಇಲ್ಲ. ಎರಡೂ ಬದಿಯಲ್ಲಿ ಅರ್ಥಿಂಗ್ ಮಾಡದೆ ತಂತಿ ಮುಟ್ಟುವುದೇ ಇಲ್ಲ ಎಂದು ಅವರಲ್ಲಿ ಹಿರಿಯನಾದವನು ಹೇಳಿದ. ನಮ್ಮ ಕೆಲಸದ ನಿಯಮ ಎಲ್ಲ ದೇಶದಲ್ಲೂ ಒಂದೇ.

ಆಗ ಪೋರ್ಟೊ ರಿಕೊದ ಅಧಿಕೃತ ಸಾವಿನ ಲೆಕ್ಕ 64. ತಂಗಿ ಅದನ್ನು ನಂಬಿರಲಿಲ್ಲ. "ಆಮ್ಲಜನಕದ ಯಂತ್ರಕ್ಕೆ ಕರೆಂಟಿಲ್ಲ, ಇನ್ಸುಲಿನ್ ಇಡಲು ಫ್ರಿಜ್ ಇಲ್ಲ, ಡಯಾಲಿಸಿಸ್ ಇಲ್ಲ. ಗಾಳಿಗೆ ಸತ್ತವರನ್ನು ಮಾತ್ರ ಎಣಿಸಿದರೆ ಹೇಗಕ್ಕ?" ಎಂದಿದ್ದಳು. ಆ ವರ್ಷದ ಆಗಸ್ಟಿನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಬಂದ ಮೇಲೆ ಸರ್ಕಾರ ಲೆಕ್ಕವನ್ನು 2,975ಕ್ಕೆ ತಿದ್ದಿತು. ಬಹುತೇಕ ಎಲ್ಲರಿಗೂ ವಿದ್ಯುತ್ ಮರಳಿದ್ದೂ ಅದೇ ಆಗಸ್ಟಿನಲ್ಲಿ, ಹನ್ನೊಂದು ತಿಂಗಳ ನಂತರ.

ಸಾನ್ ಹ್ವಾನ್ ಬಿಟ್ಟ ಹಡಗು ಮರುದಿನ ಬೆಳಿಗ್ಗೆ ವರ್ಜಿನ್ ದ್ವೀಪಗಳಲ್ಲೊಂದಾದ ಸೇಂಟ್ ಥಾಮಸ್‌ನ ಹೇವನ್‌ಸೈಟ್ ಕಟ್ಟೆಗೆ ತಾಗಿತು. ಡೆಕ್ಕಿನ ಮೇಲಿಂದ ಷಾರ್ಲಟ್ ಅಮಾಲಿ ಪಟ್ಟಣದ ಗುಡ್ಡಗಳೆಲ್ಲ ಕಾಣುತ್ತವೆ. ಹಸಿರು ಮರಳಿತ್ತು. ಆದರೆ ಮರಗಳಿಗೆ ಕೊಂಬೆಗಳೇ ಇರಲಿಲ್ಲ. ಬೋಳಾದ ಕಾಂಡದಿಂದಲೇ ನೇರವಾಗಿ ಎಲೆ ಚಿಗುರಿತ್ತು. ಗುಡ್ಡದ ತುಂಬ ಇಲ್ಲೂ ನೀಲಿ ಚಾವಣಿಗಳು. ಅಮೆರಿಕದ ಸೇನಾ ಎಂಜಿನಿಯರುಗಳು ಹಾಕಿಕೊಟ್ಟ ಆ ತಾತ್ಕಾಲಿಕ ಹೊದಿಕೆ ಕೆಲವು ವಾರಗಳ ಮಟ್ಟಿಗೆಂದು ಮಾಡಿದ್ದು. ಜನ ಅದರಡಿಯಲ್ಲಿ ಮುಂದಿನ ಮಳೆಗಾಲವನ್ನು ಎದುರು ನೋಡುತ್ತಿದ್ದರು.

ಬಂದರಿನ ಕಟ್ಟೆ ಮಾತ್ರ ಎಂದಿನಂತೆಯೇ ಇತ್ತು. ಬಂದರು ಎದ್ದು ನಿಂತರೆ ಊರು ಎದ್ದಂತಲ್ಲ ಎಂಬುದು ನನಗೆ ಮೊದಲು ಹೊಳೆದದ್ದು ಅಲ್ಲಿ. 2017ರ ನವೆಂಬರ್ 10ರಂದೇ, ಅಂದರೆ ಇರ್ಮಾ ಹೋದ ಎರಡು ತಿಂಗಳಿಗೇ, ಸೇಂಟ್ ಥಾಮಸ್‌ಗೆ ಮೊದಲ ಕ್ರೂಸ್ ಹಡಗು ಮರಳಿತ್ತು. ಅಡ್ವೆಂಚರ್ ಆಫ್ ದ ಸೀಸ್ ಎಂಬ ಆ ಹಡಗೇ ಅದಕ್ಕೆ ಮೊದಲು ತನ್ನ ಒಂದು ಪ್ರವಾಸವನ್ನು ರದ್ದುಮಾಡಿ ಸಾನ್ ಹ್ವಾನ್, ಸೇಂಟ್ ಕ್ರೋಯಿ, ಸೇಂಟ್ ಥಾಮಸ್‌ಗಳಿಂದ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಫ್ಲೋರಿಡಾಕ್ಕೆ ಕರೆತಂದಿತ್ತು. ಇಂಥ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಂದರು ಬೇಗ ತೆರೆಯುವುದಕ್ಕೆ ಒಳ್ಳೆಯ ಕಾರಣವೂ ಇದೆ. ಔಷಧ, ಇಂಧನ, ಕಂಬ, ತಗಡು ಎಲ್ಲವೂ ಬರಬೇಕಾದದ್ದು ಅದೇ ದಾರಿಯಲ್ಲಿ. ಹಾಗಾಗಿ ಮೊದಲು ನೀರಿನಡಿ ದೋಣಿ, ಕಂಟೇನರ್, ತೇಲುಗುರುತುಗಳು ಮುಳುಗಿವೆಯೇ ಎಂದು ಧ್ವನಿತರಂಗದಿಂದ ಅಳೆಯುತ್ತಾರೆ, ಕಾಲುವೆ ತೆರವು ಮಾಡುತ್ತಾರೆ, ಕಟ್ಟೆ ಪರೀಕ್ಷಿಸುತ್ತಾರೆ. ಕಾಂಕ್ರೀಟಿನ ಕಟ್ಟೆ ಗಾಳಿಗೆ ಹಾರುವುದಿಲ್ಲ. ಹಾರುವುದು ಗುಡ್ಡದ ಮೇಲಿನ ಮನೆಯ ತಗಡು.

ವಿತರಣೆಯ ಕೆಲಸದಲ್ಲಿ ನಮಗೆ ಮೊದಲ ದಿನವೇ ಕಲಿಸುವ ಪಾಠವೊಂದಿದೆ. ಉಪಕೇಂದ್ರ ಚಾರ್ಜ್ ಆಯಿತು, ಅಲ್ಲಿಗೆ ವಿದ್ಯುತ್ ಹರಿಯಿತು ಎಂದರೆ ಊರಿಗೆ ಬೆಳಕು ಬಂತು ಎಂದಲ್ಲ. ಅಲ್ಲಿಂದ ಊರಿಗೆ ಹೋಗುವ ಫೀಡರ್ ಮಾರ್ಗ ಎಳೆಯಬೇಕು, ಟ್ರಾನ್ಸ್‌ಫಾರ್ಮರ್ ಕೂರಿಸಬೇಕು, ಕೊನೆಯ ಕಂಬದಿಂದ ಕೊನೆಯ ಮನೆಗೆ ಸರ್ವಿಸ್ ತಂತಿ ಹೋಗಬೇಕು. ಆ ಕೊನೆಯ ಮನೆಯ ಬಲ್ಬು ಮಂಕಾಗಿ ಉರಿದರೂ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಕ್ರೂಸ್ ಬಂದರು ಎಂದರೆ ಆ ಉಪಕೇಂದ್ರ. ಹಡಗು ಮೂರು ಸಾವಿರ ಜನರನ್ನು ತಂದು ಇಳಿಸಿದ ಕೂಡಲೇ ಹಣ ಬಂದಂತೆ ಕಾಣುತ್ತದೆ. ಅದು ಗುಡ್ಡ ಹತ್ತಿ ಕೊನೆಯ ಮನೆಯವರೆಗೆ ಹೋಯಿತೇ ಎಂಬುದನ್ನು ಯಾರೂ ಅಳೆಯುವುದಿಲ್ಲ.

ಸೇಂಟ್ ಥಾಮಸ್‌ನಲ್ಲಿ ಟ್ಯಾಕ್ಸಿ ಎಂದರೆ ಸಣ್ಣ ಲಾರಿಯ ಹಿಂಭಾಗಕ್ಕೆ ಬೆಂಚು ಜೋಡಿಸಿ ಮೇಲೆ ಹೊದಿಕೆ ಹಾಕಿದ ವಾಹನ, ಅದಕ್ಕೆ ಸಫಾರಿ ಎನ್ನುತ್ತಾರೆ. ಅಮೆರಿಕದ ನೆಲವಾದರೂ ಇಲ್ಲಿ ರಸ್ತೆಯ ಎಡಬದಿಯಲ್ಲೇ ಓಡಿಸಬೇಕು, ಸ್ಟೀರಿಂಗೂ ಎಡಕ್ಕೇ ಇರುತ್ತದೆ. ತಿರುವುಗಳಲ್ಲಿ ನನಗೆ ಜೀವ ಬಾಯಿಗೆ ಬರುತ್ತಿತ್ತು. ನಮ್ಮನ್ನು ಮೇಗನ್ಸ್ ಬೇ ಕಡಲತೀರಕ್ಕೆ ಕರೆದೊಯ್ದ ಚಾಲಕಿ ನಡುವಯಸ್ಸಿನ ಹೆಂಗಸು. ಅವರ ಮನೆಗೆ ಕರೆಂಟು ಬಂದದ್ದು ಕ್ರಿಸ್‌ಮಸ್ ಕಳೆದ ಮೇಲೆ. ಶಾಲಾ ಕಟ್ಟಡಗಳು ಹಾಳಾಗಿದ್ದರಿಂದ ಉಳಿದ ಕಟ್ಟಡಗಳಲ್ಲಿ ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು ಶಾಲೆ ನಡೆಯುತ್ತಿತ್ತು. ಅವರ ಮಗಳದು ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಮನೆಯಲ್ಲಿ ಒಬ್ಬಳೇ ಇರುತ್ತಾಳೆ ಎಂಬ ಚಿಂತೆಯಿಂದ ಪ್ರತಿ ನಿಲುಗಡೆಯಲ್ಲೂ ಫೋನ್ ಮಾಡುತ್ತಿದ್ದರು. ತಂಗಿ ಆಸ್ಪತ್ರೆಯ ಬಗ್ಗೆ ಕೇಳಿದಾಗ ಅವರು ಗಾಡಿ ನಿಧಾನಿಸಿ ತೋರಿಸಿದರು. ಇರ್ಮಾದ ದಿನ ಮೇಲಂತಸ್ತಿನ ಗೋಡೆ ಕಿಟಕಿಗಳೇ ಕಿತ್ತುಹೋಗಿ ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಗಿ ಬಂದ ಕಟ್ಟಡ ಅದು. ತಂಗಿ ಏನೂ ಮಾತನಾಡದೆ ಅದನ್ನೇ ನೋಡುತ್ತಿದ್ದಳು.

ಆ ರಾತ್ರಿ ಹಡಗಿನ ಊಟದ ಮೇಜಿನಲ್ಲಿ ಒಬ್ಬರು ಕಡಲತೀರದಲ್ಲಿ ಸಾಕಷ್ಟು ಕುರ್ಚಿಗಳಿರಲಿಲ್ಲ, ಶೌಚಾಲಯ ಅರ್ಧ ಮುಚ್ಚಿತ್ತು ಎಂದು ಹಣ ವಾಪಸು ಕೇಳುವ ಮಾತಾಡಿದರು. ನಾನು ಅವರಿಗೆ ಆ ಚಾಲಕಿಯ ಮಗಳ ಶಾಲೆಯ ಕಥೆ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಿದರೋ ಇಲ್ಲವೋ. ಸಿಟ್ಟು ಬಂದದ್ದು ನಿಜ, ಆದರೆ ತಿಳಿಸಿ ಹೇಳಿದರೆ ಅರ್ಧದಷ್ಟು ಜನಕ್ಕಾದರೂ ಅರ್ಥವಾಗುತ್ತದೆ ಎಂದು ನಾನು ಇಂದಿಗೂ ನಂಬುತ್ತೇನೆ.

ಸಿಂಟ್ ಮಾರ್ಟನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೇಂಟ್ ಮಾರ್ಟಿನ್ ದ್ವೀಪದ ಡಚ್ ಭಾಗ ಅದು. ದ್ವೀಪದ ಉತ್ತರಾರ್ಧ ಫ್ರಾನ್ಸಿನದು, ದಕ್ಷಿಣಾರ್ಧ ನೆದರ್ಲೆಂಡ್ಸ್ ಅಧಿರಾಜ್ಯದ್ದು. ಕೋಲ್ ಬೇ ಗುಡ್ಡದ ಮೇಲಿಂದ ಸಿಂಪ್ಸನ್ ಬೇ ಲಗೂನ್ ನೋಡಿದಾಗ ಬಗ್ಗಿದ ಕೂವೆಮರಗಳು, ಅರ್ಧ ಮುಳುಗಿದ ದೋಣಿಗಳು ಕಣ್ಣು ಹಾಯುವವರೆಗೂ ಕಂಡವು. ವಿಮಾನ ನಿಲ್ದಾಣ ಡೇರೆಗಳಲ್ಲಿ ನಡೆಯುತ್ತಿತ್ತು. ಡಚ್ ಸರ್ಕಾರ 55 ಕೋಟಿ ಯೂರೋ ನೆರವು ಘೋಷಿಸಿದ್ದು, ಅದರ ಹೆಚ್ಚಿನ ಪಾಲು ವಿಶ್ವಬ್ಯಾಂಕಿನ ಮೂಲಕ ಹೋಗುವುದು, ಆ ದಾರಿಯಲ್ಲಿ ಹಣ ನಿಧಾನವಾಗಿ ಚಲಿಸುವುದು ಎಲ್ಲವೂ ಅಲ್ಲಿ ಜನರ ಬಾಯಲ್ಲಿತ್ತು. ನನ್ನ ಆಸಕ್ತಿಯ ವಿಷಯವೆಂದರೆ, ಡಚ್ ಭಾಗದಲ್ಲಿ ವಿದ್ಯುತ್ ತಂತಿಗಳಲ್ಲಿ ಬಹಳಷ್ಟನ್ನು ಮೊದಲೇ ನೆಲದಡಿ ಹಾಕಿದ್ದರು. ಅಂಥ ಗಾಳಿಗೆ ಸಿಕ್ಕಿಯೂ ಅಲ್ಲಿ ಪೋರ್ಟೊ ರಿಕೊಗಿಂತ ಎಷ್ಟೋ ಬೇಗ ದೀಪ ಹೊತ್ತಿಕೊಂಡವು. ಕೇಬಲ್ ಹೂಳುವುದು ದುಬಾರಿ, ದೋಷ ಹುಡುಕುವುದು ಕಷ್ಟ, ಉಪ್ಪುನೀರು ಸೇರುವ ಭಯವಿದೆ. ಹಾಗಿದ್ದರೂ ಚಂಡಮಾರುತದ ದಾರಿಯಲ್ಲಿರುವ ಸಣ್ಣ ದ್ವೀಪಕ್ಕೆ ಅದೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ. ಸೇಂಟ್ ಥಾಮಸ್‌ನವರು ಬೇರೆ ದಾರಿಯನ್ನೂ ಹಿಡಿದರು: ಮರದ ಕಂಬಗಳ ಜಾಗದಲ್ಲಿ ಗಂಟೆಗೆ 200 ಮೈಲಿ ಗಾಳಿ ತಡೆಯುವಂತೆ ಮಾಡಿದ ಸಂಯುಕ್ತ ವಸ್ತುವಿನ ಕಂಬಗಳನ್ನು ನೆಡತೊಡಗಿದರು.

ಸಿಂಟ್ ಮಾರ್ಟನ್‌ನ ಫಿಲಿಪ್ಸ್‌ಬರ್ಗ್ ಪಟ್ಟಣದ ಫ್ರಂಟ್ ಸ್ಟ್ರೀಟ್‌ನಲ್ಲಿ ಆಭರಣದ ಅಂಗಡಿಗಳ ಸಾಲು. ಬಹಳಷ್ಟು ಅಂಗಡಿಗಳು ಸಿಂಧಿ ಮನೆತನಗಳವು. ಒಬ್ಬ ವ್ಯಾಪಾರಿ ನಮ್ಮನ್ನು ಕಂಡು ಹಿಂದಿಯಲ್ಲಿ ಕರೆದು ಕೂರಿಸಿ ಚಹಾ ಕೊಟ್ಟರು. ತಂಗಿಯನ್ನು "ಬೆಹೆನ್‌ಜಿ" ಎಂದು ಕರೆದು, ಗಾಳಿ ನಿಂತ ಮೇಲಿನ ಲೂಟಿಯ ದಿನಗಳನ್ನು ಹೇಳಿದರು. ಅವರ ಅಂಗಡಿಯ ಹುಡುಗಿಯರಲ್ಲಿ ಇಬ್ಬರು ದ್ವೀಪ ಬಿಟ್ಟು ಹೋಗಿದ್ದರು. ಅಂಗಡಿ ತೆರೆದಿದೆ, ಆದರೆ ಕೆಲಸಕ್ಕೆ ಬರುವವರಿಗೆ ಬಾಡಿಗೆಗೆ ಮನೆಯೇ ಸಿಗುತ್ತಿಲ್ಲ ಎಂದರು. ಇದನ್ನು ಮುಂದೆ ಪ್ರತಿ ಬಂದರಿನಲ್ಲೂ ಕೇಳಿದೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಹೋಗಬೇಕೇ? ಹೋಗಬೇಕು ಎಂದೇ ನಾನು ಹೇಳುತ್ತೇನೆ. 2017ರ ಕೊನೆಯಲ್ಲಿ ಹಡಗು ಕಂಪನಿಗಳು ಪೂರ್ವ ಕೆರಿಬಿಯನ್ ಬಂದರುಗಳನ್ನು ಬಿಟ್ಟು ಪಶ್ಚಿಮಕ್ಕೆ, ಮೆಕ್ಸಿಕೋದ ಕೊಸುಮೆಲ್, ಜಮೈಕಾ ಕಡೆಗೆ ತಿರುಗಿದಾಗ ಸಫಾರಿ ಓಡಿಸುವವರಿಗೆ ಎರಡನೇ ಹೊಡೆತ ಬಿದ್ದಿತು. ಮನೆ ಹೋಗಿತ್ತು, ಆಮೇಲೆ ದುಡಿಮೆಯೂ ಹೋಯಿತು. ಯಾವ ಚಾಲಕರೂ, ಯಾವ ವ್ಯಾಪಾರಿಯೂ ನಮ್ಮನ್ನು "ಯಾಕೆ ಬಂದಿರಿ" ಎಂಬ ಕಣ್ಣಿನಿಂದ ನೋಡಲಿಲ್ಲ. ಆದರೆ ಹೇಗೆ ಹೋಗುತ್ತೇವೆ ಎಂಬುದು ಮುಖ್ಯ. ಹಡಗಿನ ಮೇಲೆ ಮಾರುವ ಪ್ರವಾಸದ ಬೆಲೆಯಲ್ಲಿ ಒಂದು ಪಾಲು ಹಡಗಿನಲ್ಲೇ ಉಳಿಯುತ್ತದೆ. ಹಡಗಿನವರು ಹಂಚುವ ಅಂಗಡಿಗಳ ನಕ್ಷೆಯಲ್ಲಿ ಜಾಗ ಪಡೆಯಲು ಅಂಗಡಿಗಳು ಹಣ ಕೊಟ್ಟಿರುತ್ತವೆ. ನಕ್ಷೆಯಲ್ಲಿಲ್ಲದ ಎರಡನೇ ಬೀದಿಗೆ, ಮೂರನೇ ಬೀದಿಗೆ ಹೋಗಿ ಅಲ್ಲಿ ಉಣ್ಣಬೇಕು. ಪರವಾನಗಿ ಇರುವ ಸ್ಥಳೀಯ ಚಾಲಕರನ್ನು ಕಟ್ಟೆಯ ಹೊರಗೆ ನೇರವಾಗಿ ಗೊತ್ತುಮಾಡಿಕೊಳ್ಳಬೇಕು. ಬೆಲೆ ಮೊದಲೇ ಮಾತನಾಡಿಕೊಂಡು, ಮುಗಿದ ಮೇಲೆ ಮೇಲಿಷ್ಟು ಕೊಡಬೇಕು. ಕುಸಿದ ಮನೆಗಳ ಫೋಟೋ ತೆಗೆಯುವ ಮುನ್ನ ಮನೆಯವರನ್ನು ಕೇಳಬೇಕು. ಕೇಳಲು ಸಂಕೋಚವಾದರೆ ತೆಗೆಯಲೇಬಾರದು. ಹಳೆಯ ಬಟ್ಟೆಯ ಗಂಟು ಹೊತ್ತು ಹೋಗುವುದಂತೂ ಬೇಡ. ಅದನ್ನು ವಿಂಗಡಿಸುವುದೇ ಅಲ್ಲಿಯವರಿಗೆ ಇನ್ನೊಂದು ಕೆಲಸವಾಗುತ್ತದೆ.

ನನ್ನ ಮನಸ್ಸು ಅತಿ ಹೆಚ್ಚು ನಿಂತ ಊರು ಡೊಮಿನಿಕಾದ ರಾಜಧಾನಿ ರೊಸೊ. ಅಲ್ಲಿಗೆ ಹೋದದ್ದು ಆಮೇಲೆ, 2024ರ ಆರಂಭದಲ್ಲಿ. ಸುಮಾರು ಎಪ್ಪತ್ತು ಸಾವಿರ ಜನರ ದೇಶ, ಎಲ್ಲಿ ನೋಡಿದರೂ ಕಡಿದಾದ ಬೆಟ್ಟ, ಕಾಡು, ಹೊಳೆ. ಮರಿಯಾ ಐದನೇ ದರ್ಜೆಯ, ಅಂದರೆ ಅತಿ ಮೇಲಿನ ದರ್ಜೆಯ, ಬಲದಲ್ಲಿ ಈ ದ್ವೀಪದ ಮೇಲೆಯೇ ಹಾದುಹೋಯಿತು. ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ಅವರ ಮನೆಯ ಚಾವಣಿಯೇ ಹಾರಿಹೋಗಿ, ಅದನ್ನು ಅವರು ಆ ರಾತ್ರಿಯೇ ಫೇಸ್‌ಬುಕ್‌ನಲ್ಲಿ ಬರೆದಿದ್ದರು. ಹತ್ತರಲ್ಲಿ ಒಂಬತ್ತು ಚಾವಣಿಗಳಿಗೆ ಪೆಟ್ಟು ಬಿದ್ದಿತ್ತು. ನಷ್ಟದ ಅಂದಾಜು ದೇಶದ ವಾರ್ಷಿಕ ಒಟ್ಟು ಉತ್ಪನ್ನದ 226 ಪ್ರತಿಶತ, ಅಂದರೆ ಇಡೀ ದೇಶ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದದ್ದು ಒಂದೇ ರಾತ್ರಿಯಲ್ಲಿ ಹೋಯಿತು. ಅದಾದ ಐದೇ ದಿನಕ್ಕೆ ಸ್ಕೆರಿಟ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿಂತು, ತಮ್ಮ ದೇಶವನ್ನು ಹವಾಮಾನದ ಹೊಡೆತ ತಾಳಬಲ್ಲ ಜಗತ್ತಿನ ಮೊದಲ ದೇಶವಾಗಿ ಕಟ್ಟುತ್ತೇವೆ ಎಂದು ಸಾರಿದರು.

ಆ ಮಾತು ಎಷ್ಟರಮಟ್ಟಿಗೆ ನಿಜವಾಗಿದೆ ಎಂದು ನೋಡುವ ಆಸೆ ನನಗಿತ್ತು. ಹಡಗು ಊರಿನ ಎದುರಿಗೇ ನಿಲ್ಲುತ್ತದೆ. ರಸ್ತೆ ದಾಟಿದರೆ ಹಳೆಯ ಮಾರುಕಟ್ಟೆ. ಅಲ್ಲಿಂದ ಒಬ್ಬ ಹಿರಿಯ ಚಾಲಕರ ವ್ಯಾನಿನಲ್ಲಿ ರೊಸೊ ಕಣಿವೆಗೆ ಹೊರಟೆವು. ನಾವು ಭಾರತದವರು ಎಂದು ತಿಳಿದ ಕೂಡಲೇ ಅವರ ಮುಖ ಅರಳಿತು. 2011ರಲ್ಲಿ ವಿಂಡ್ಸರ್ ಪಾರ್ಕ್ ಮೈದಾನದ ಮೊದಲ ಟೆಸ್ಟ್ ಭಾರತದ ಎದುರು ನಡೆದಾಗ ರಾಹುಲ್ ದ್ರಾವಿಡ್ ಆಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. 2023ರಲ್ಲಿ ಅಶ್ವಿನ್ ಹನ್ನೆರಡು ವಿಕೆಟ್ ಕಿತ್ತ ಪಂದ್ಯದ ನೋವೂ ಅವರಿಗೆ ಹಸಿಯಾಗಿಯೇ ಇತ್ತು. ನಾನು ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದ ಅನಿಲ್ ಕುಂಬ್ಳೆಯ ಹೆಸರು ಎತ್ತಿದೆ. "ಲಾರಾ ಔಟಾದದ್ದು ಅವರಿಗೇ" ಎಂದು ತಲೆದೂಗಿದರು. ಆಮೇಲೆ ನಾವು ಹಳೆಯ ಪರಿಚಯದವರಂತೆ ಆಗಿಬಿಟ್ಟೆವು.

ಮೊದಲು ಅವರು ಸಸ್ಯೋದ್ಯಾನಕ್ಕೆ ಕರೆದೊಯ್ದರು. ಅಲ್ಲಿ ದೊಡ್ಡ ಆಫ್ರಿಕನ್ ಬಾವೊಬಾಬ್ ಮರವೊಂದು ಹಳದಿ ಶಾಲಾ ಬಸ್ಸಿನ ಮೇಲೆ ಬಿದ್ದು ಅದನ್ನು ಅಪ್ಪಚ್ಚಿ ಮಾಡಿದೆ. 1979ರ ಡೇವಿಡ್ ಚಂಡಮಾರುತದಲ್ಲಿ ಆದದ್ದು. ಬಸ್ಸಿನಲ್ಲಿ ಯಾರೂ ಇರಲಿಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಬಿದ್ದ ಮರ ಮತ್ತೆ ಚಿಗುರಿ ಬಸ್ಸಿನ ಮೇಲೆಯೇ ಬೆಳೆದಿದೆ. ಚಾಲಕರಿಗೆ ಡೇವಿಡ್ ಕಾಲಕ್ಕೆ ಹತ್ತು ವರ್ಷ. ಡೇವಿಡ್ ಆದ ಮೇಲೆ ಕಟ್ಟಿದ ಮನೆ ಮರಿಯಾಕ್ಕೆ ಹೋಯಿತು, ಈಗಿರುವುದು ಮೂರನೆಯದು ಎಂದರು.

ಆ ಮೂರನೆಯ ಮನೆಯನ್ನು ತೋರಿಸಿ ಎಂದು ಕೇಳಿದೆ. ಟ್ರಫಾಲ್ಗರ್ ಜಲಪಾತಕ್ಕೆ ಹೋಗುವ ದಾರಿಯಲ್ಲೇ ಇತ್ತು. ನಾಲ್ಕೂ ಬದಿಗೆ ಇಳಿಯುವ ಚಾವಣಿ. ಎರಡು ಬದಿಗೆ ಮಾತ್ರ ಇಳಿಯುವ ಚಾವಣಿಯ ತ್ರಿಕೋನ ಗೋಡೆಗೆ ಗಾಳಿ ನೇರವಾಗಿ ಗುದ್ದುತ್ತದೆ, ಇದಕ್ಕೆ ಆ ಗೋಡೆಯೇ ಇಲ್ಲ. ಸೂರಿನ ಅಂಚು ಗಿಡ್ಡ, ಗಾಳಿ ಅಡಿಯಿಂದ ಹಿಡಿದು ಎತ್ತಬಾರದೆಂದು. ತಗಡಿಗೆ ಮೊಳೆಯ ಬದಲು ತಿರುಪು ಹಾಕಿ, ಪ್ರತಿ ಜಂತೆಯನ್ನೂ ಉಕ್ಕಿನ ಪಟ್ಟಿಯಿಂದ ಗೋಡೆಯ ಕಾಂಕ್ರೀಟ್ ಪಟ್ಟಿಗೆ ಬಿಗಿದಿದ್ದರು. ಗಾಳಿ ಚಾವಣಿಯನ್ನು ಕೆಳಗೆ ಒತ್ತುವುದಕ್ಕಿಂತ ಮೇಲಕ್ಕೆ ಹೀರುವುದೇ ಹೆಚ್ಚು, ಹಾಗಾಗಿ ಈ ಉಕ್ಕಿನ ಪಟ್ಟಿಯೇ ಮನೆಯನ್ನು ಉಳಿಸುತ್ತದೆ. ಚಾಲಕರ ಹೆಂಡತಿ ನಮ್ಮನ್ನು ಜಗಲಿಯಲ್ಲಿ ಕೂರಿಸಿ ಕೋಕೋ ಚಹಾ ಕೊಟ್ಟರು. ದಾಲ್ಚಿನ್ನಿ, ಜಾಯಿಕಾಯಿಯ ಪರಿಮಳ. ಮರಿಯಾ ಬಂದ ರಾತ್ರಿ ಅವರು, ಮಗಳು ಮತ್ತು ಅತ್ತೆ ಸ್ನಾನದ ಮನೆಯಲ್ಲಿ ಬಾಗಿಲಿಗೆ ಹಾಸಿಗೆ ಒರಗಿಸಿ ಕುಳಿತಿದ್ದರಂತೆ. ಬೆಳಿಗ್ಗೆ ಹೊರಗೆ ಬಂದರೆ ಎದುರಿನ ಬೆಟ್ಟದ ಮೇಲೆ ಒಂದು ಎಲೆಯೂ ಇಲ್ಲ. ಇಷ್ಟು ವರ್ಷ ಕಾಣದೇ ಇದ್ದ ಆಚೆ ಊರಿನ ಮನೆಗಳು ಮೊದಲ ಸಲ ಕಂಡವಂತೆ.

ನಾನು ಕರೆಂಟಿನ ಬಗ್ಗೆ ಕೇಳದೆ ಇರುವುದುಂಟೇ? ಅವರ ಮನೆಗೆ ಅದು ಮರಳಿದ್ದು ವರ್ಷ ದಾಟಿದ ಮೇಲೆ. ವಿಚಿತ್ರವೆಂದರೆ ಆ ಕಣಿವೆಯಲ್ಲೇ ದೇಶದ ಜಲವಿದ್ಯುತ್ ಘಟಕಗಳಿವೆ: ಲೋಡಾ, ಟ್ರಫಾಲ್ಗರ್, ಪಾಡು. ಒಂದೇ ನೀರು ಮೇಲಿನ ಘಟಕದಿಂದ ಇಳಿದು ಕೆಳಗಿನವನ್ನೂ ತಿರುಗಿಸುತ್ತದೆ. ಮರಿಯಾದಲ್ಲಿ ಹೊಳೆ ಬಂಡೆಗಳನ್ನು ಉರುಳಿಸಿ ತಂದಿತು, ಕೊಳವೆಮಾರ್ಗದ ಮೇಲೆ ಬೆಟ್ಟ ಜಾರಿತು. ವಿದ್ಯುತ್ ಹುಟ್ಟುವ ಊರೇ ಕತ್ತಲೆಯಲ್ಲಿ ಕುಳಿತಿತು. ನಾವು ಹೋದಾಗ ಲೋಡಾದಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ 10 ಮೆಗಾವಾಟ್ ಸ್ಥಾವರದ ಕೆಲಸ ನಡೆದಿತ್ತು. ಡೀಸೆಲ್ ತುಂಬಿದ ಹಡಗಿಗಾಗಿ ಕಾಯುವುದು ಬೇಡವಾದರೆ ಈ ದೇಶ ಮುಂದಿನ ಚಂಡಮಾರುತದ ನಂತರ ಬೇಗ ಏಳಬಲ್ಲದು. ಅದರ ಜೊತೆಗೆ ಲೈನುಗಳನ್ನೂ ಗಟ್ಟಿಮಾಡಬೇಕು, ಇಲ್ಲವಾದರೆ ಮತ್ತೆ ಉಪಕೇಂದ್ರದ ಕಥೆಯೇ. ಮನೆಯ ಹತ್ತಿರದ ಕಂಬಗಳನ್ನು ನಾನು ಎಣಿಸಿಕೊಂಡು ನಡೆದೆ. ಹೊಸವು, ನೆಟ್ಟಗಿದ್ದವು. ಆದರೆ ಎರಡು ಕಡೆ ಮರದ ಕೊಂಬೆ ತಂತಿಗೆ ತಾಗುತ್ತಿತ್ತು. ಚಾಲಕರಿಗೆ ತೋರಿಸಿದೆ. ಅವರು ನಕ್ಕು, "ನೀವು ಜಲಪಾತ ನೋಡುವುದು ಯಾವಾಗ?" ಎಂದರು.

ಜಲಪಾತವನ್ನೂ ನೋಡಿದೆವು. ಚೆನ್ನಾಗಿದೆ.

ಹಿಂದಿರುಗುವಾಗ ತಂಗಿ ಹಳೆಯ ಮಾರುಕಟ್ಟೆಯಲ್ಲಿ ಕಲಿನಾಗೊ ಬುಡಕಟ್ಟಿನವರು ಹೆಣೆದ ಬುಟ್ಟಿ ಕೊಂಡಳು. ಒಂದು ಅಮೆರಿಕನ್ ಡಾಲರಿಗೆ ಅಲ್ಲಿನ ಪೂರ್ವ ಕೆರಿಬಿಯನ್ ಡಾಲರ್ 2.70, ಎಷ್ಟೋ ದಶಕಗಳಿಂದ ಬದಲಾಗದ ದರ. ಮಾರುವಾಕೆ ಚಿಲ್ಲರೆ ಕೊಡಲು ಹೋದಾಗ ತಂಗಿ ಬೇಡವೆಂದಳು, ಆಕೆ ಒಪ್ಪದೆ ಕೈಗೆ ಒಂದು ಹಿಡಿ ಬೇ ಎಲೆ ಇಟ್ಟಳು.

ಈಗ ಜಮೈಕಾ. 2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಆ ದ್ವೀಪದ ನೈಋತ್ಯ ತೀರವನ್ನು ಐದನೇ ದರ್ಜೆಯ ಬಲದಲ್ಲಿ ಹೊಡೆಯಿತು. ಸೇಂಟ್ ಎಲಿಜಬೆತ್ ಪ್ರಾಂತ್ಯದ ಬ್ಲ್ಯಾಕ್ ರಿವರ್ ಪಟ್ಟಣ ನೆಲಸಮವಾದಂತೆ ಕಾಣುವ ಚಿತ್ರಗಳನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಜಮೈಕಾದಲ್ಲಿ ವಿದ್ಯುತ್ ದೀಪ ಹೊತ್ತಿದ ಮೊದಲ ಮನೆ ತಮ್ಮ ಊರಿನದೇ ಎಂದು ಬ್ಲ್ಯಾಕ್ ರಿವರ್‌ನವರು ಹೆಮ್ಮೆಪಡುತ್ತಾರೆ. ಹಡಗುಗಳು ನಿಲ್ಲುವ ಫಾಲ್ಮತ್, ಓಚೊ ರಿಯೋಸ್ ಉತ್ತರ ತೀರದಲ್ಲಿವೆ. ಅಲ್ಲಿಂದ ಬ್ಲ್ಯಾಕ್ ರಿವರ್‌ಗೆ ಹೋಗಬೇಕೆಂದರೆ ದ್ವೀಪವನ್ನು ಅಡ್ಡ ದಾಟಬೇಕು. ಬೆಳಿಗ್ಗೆ ಇಳಿದು ಸಂಜೆ ಹತ್ತುವ ಪ್ರಯಾಣಿಕರು ಅಷ್ಟು ದೂರ ಹೋಗುವುದಿಲ್ಲ, ಅವರ ಹಣವೂ ಹೋಗುವುದಿಲ್ಲ.

ಅದಕ್ಕೇ ಮುಂದಿನ ಚಳಿಗಾಲಕ್ಕೆ ತಂಗಿ ಕಳುಹಿಸಿದ್ದ ಕ್ರೂಸ್ ಪಟ್ಟಿಯನ್ನು ಬದಿಗಿಟ್ಟು, ಈ ಸಲ ವಿಮಾನದಲ್ಲಿ ಹೋಗೋಣ ಎಂದೆ. ಬ್ಲ್ಯಾಕ್ ರಿವರ್‌ನ ಪೂರ್ವಕ್ಕೆ ಅದೇ ಕರಾವಳಿಯಲ್ಲಿ ಟ್ರೆಷರ್ ಬೀಚ್ ಎಂಬ ಮೀನುಗಾರರ ಊರಿದೆ. 2024ರಲ್ಲಿ ಬೆರಿಲ್, ಮರುವರ್ಷ ಮೆಲಿಸಾ, ಎರಡೂ ಅದನ್ನು ಬಿಡಲಿಲ್ಲ. ಅಲ್ಲಿ ಒಂದು ಸಣ್ಣ ಅತಿಥಿಗೃಹದ ಒಡತಿಗೆ ಬರೆದು, ಏನು ತರಲಿ ಎಂದು ಕೇಳಿದೆವು. ಏನೂ ತರಬೇಡಿ, ಊಟ ಇಲ್ಲೇ ಮಾಡಿ, ದೋಣಿ ಬೇಕಾದರೆ ನನ್ನ ತಮ್ಮನದು ಇದೆ, ಕನಿಷ್ಠ ಒಂದು ವಾರ ಇರಿ ಎಂದು ಉತ್ತರ ಬಂದಿತು. ತಂಗಿ ರಜೆಗೆ ಅರ್ಜಿ ಹಾಕಿದ್ದಾಳೆ.